ಅಂಚೆಗೆ ಬೀಳದ ತಿದ್ದುಪಡಿ

ಆ ಮಂಗಳವಾರ ಸಂಜೆ ರಸ್ತೆ ದಾಟಲು ನಿಂತಾಗ ನನ್ನ ಎರಡು ಕೈಗಳೂ ಖಾಲಿ ಇದ್ದವು. ಅಕ್ಕನ ಹೆಗಲಿಗೆ ಅವಳ ಚೀಲವಿತ್ತು. ಲಕೋಟೆ ಭಾವನ ಕೈಯಲ್ಲಿತ್ತು. ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ನಾನು ಸುಮ್ಮನೆ ಸಿಗ್ನಲ್ಲಿನ ಕಡೆ ನೋಡುತ್ತಿದ್ದೆ. ಆ ಗಳಿಗೆಯನ್ನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ನನ್ನ ಕೈಗಳು ಖಾಲಿಯೇ ಇರುತ್ತವೆ. ‘ಇಲ್ಲಿ ಕೊಡಿ ಭಾವ, ನಾನು ಹಿಡ್ಕೋತೀನಿ’ ಎನ್ನುವ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತದೆ. ಅಷ್ಟರಲ್ಲಿ ಗಾಳಿ ಬೀಸುತ್ತದೆ.

ಅಕ್ಕ, ಭಾವ ಎಂದು ಕರೆದರೂ ಅವರು ನನ್ನ ಸಂಬಂಧಿಕರಲ್ಲ. ಆಶ್‌ಬರ್ನ್‌ನಲ್ಲಿ ಸಾಲಾಗಿ ಕಟ್ಟಿದ ಟೌನ್‌ಹೌಸ್‌ಗಳಲ್ಲಿ ನಮ್ಮದು ಒಂದೇ ಗೋಡೆಯ ಆಚೆ ಈಚೆ ಮನೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನನ್ನ ಅಡುಗೆಮನೆಯಲ್ಲಿ ಕೂತು ಹೇಳಬಹುದಿತ್ತು. ನಾನು ಮೈಸೂರಿನವಳೆಂದು ಗೊತ್ತಾದ ದಿನವೇ ಅಕ್ಕ ನನ್ನನ್ನು ಏಕವಚನಕ್ಕೆ ಇಳಿಸಿಕೊಂಡಿದ್ದಳು. ಅವಳು ಓದಿದ್ದೂ ಅಲ್ಲೇ, ಬಿಎಸ್ಸಿ. ಭಾವ ಪಕ್ಕದ ಊರಾದ ಹರ್ನ್‌ಡನ್‌ನ ಒಂದು ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಎಷ್ಟು ವರ್ಷವಾಗಿತ್ತೆಂದರೆ, ಯಾರಾದರೂ ಕೇಳಿದರೆ ‘ಇದೆ, ನಡೀತಾ ಇದೆ’ ಎಂದು ಹಳೆಯ ಕಾಯಿಲೆಯ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ಕೋವಿಡ್ ಬಂದ ಮರುವರ್ಷ ಅಕ್ಕ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ರೋಗಿಗಳ ಉಸಿರಾಟವನ್ನು ನೋಡಿಕೊಳ್ಳುವ, ವೆಂಟಿಲೇಟರ್ ನಡೆಸುವ ಕೆಲಸದ ಓದು ಅದು. ಟಿವಿಯಲ್ಲಿ ಆ ಯಂತ್ರಗಳನ್ನು ನೋಡಿ ನೋಡಿ, ಯಾರಾದರೂ ಅದನ್ನು ಕಲಿಯಬೇಕಲ್ಲ, ನಾನೇ ಯಾಕೆ ಕಲೀಬಾರದು ಅನಿಸಿತಂತೆ. ನಲವತ್ತು ದಾಟಿದ ಮೇಲೆ ಅವಳು ಹುರುಳಿಕಾಯಿ ಹೆಚ್ಚುತ್ತಾ ಮೂಳೆಗಳ ಹೆಸರು ಬಾಯಿಪಾಠ ಮಾಡುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಮಧ್ಯೆ ತಪ್ಪಿದರೆ ‘ಥೂ’ ಎಂದು ತನ್ನನ್ನೇ ಬೈದುಕೊಂಡು ಮತ್ತೆ ತಲೆಬುರುಡೆಯಿಂದ ಶುರುಮಾಡುತ್ತಿದ್ದಳು. ಅದರ ಮುಂದಿನ ವರ್ಷ ಭಾವನ ಕಾಂಟ್ರಾಕ್ಟ್ ಇದ್ದಕ್ಕಿದ್ದಂತೆ ಮುಗಿಯಿತು. ಕೆಲಸವಿಲ್ಲದಿದ್ದರೆ ವೀಸಾವೂ ಇಲ್ಲ; ಇನ್ನೊಂದು ಸಿಗುವವರೆಗೆ ಇಬ್ಬರೂ ಜೀವ ಬಿಗಿಹಿಡಿದುಕೊಂಡಿದ್ದರು. ಕೆಲಸ ಸಿಕ್ಕಿತು, ಸಂಬಳ ಇಳಿಯಿತು. ‘ಒಂದು ಸೆಮಿಸ್ಟರ್ ಬಿಡ್ತೀನಿ ಅಷ್ಟೇ ಕಣೇ’ ಎಂದಳು ಅಕ್ಕ. ಓದು ಅಲ್ಲಿಗೆ ನಿಂತಿತು.

ಕಳೆದ ವರ್ಷ ಮಾರ್ಚಿನ ಒಂದು ಶನಿವಾರ ಅವಳು ಹೆಪ್ಪಿಗೆಂದು ಪುಟ್ಟ ಬಟ್ಟಲು ಹಿಡಿದು ನಮ್ಮ ಮನೆಗೆ ಬಂದಳು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ತೆರಿಗೆ ರಿಟರ್ನ್ ತುಂಬುತ್ತಿದ್ದೆ. ನೀವಾಗಲಿ ನಿಮ್ಮ ಸಂಗಾತಿಯಾಗಲಿ ಈ ವರ್ಷ ವಿದ್ಯಾರ್ಥಿಯಾಗಿದ್ದಿರಾ ಎಂದು ಪರದೆಯ ಮೇಲೆ ಪ್ರಶ್ನೆ ಬಂದಿತ್ತು. ಆಫೀಸಿಗೆ ಬೇಕೆಂದು ನಾನು ಸಂಜೆಯ ಒಂದು ಕೋರ್ಸ್ ಮಾಡಿದ್ದರಿಂದ ‘ಹೌದು’ ಒತ್ತಿದೆ.

“ಅದು ಮಕ್ಕಳಿಗಲ್ವೇನೇ?” ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದಳು.

“ಯಾರು ಓದಿದ್ರೂ ಸಿಗತ್ತೆ. ಫೀಸ್ ಕಟ್ಟಿದ್ದಕ್ಕೆ ಟ್ಯಾಕ್ಸ್‌ನಲ್ಲಿ ಸ್ವಲ್ಪ ಬಿಡ್ತಾರೆ. ನೀನೂ ತಗೊಂಡಿರಬೇಕಲ್ಲ, ಓದ್ತಾ ಇದ್ದಾಗ.”

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. “ಕಾಲೇಜಿನವರು ಫೀಸಿನ ಲೆಕ್ಕದ ಕಾಗದ ಕಳ್ಸಿದ್ರು,” ಎಂದಳು ಆಮೇಲೆ. “ನಾನೇ ಇವರ ಕೈಗೆ ಕೊಟ್ಟೆ. ಬೇಡ ಅಂದ್ರು.”

ಬೇಡ ಎಂದದ್ದಕ್ಕೆ ಕಾರಣವಿತ್ತು. ಆ ವರ್ಷಗಳಲ್ಲಿ ವೀಸಾದ ಮೇಲಿದ್ದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಭಯ ಓಡಾಡುತ್ತಿತ್ತು. ಸರ್ಕಾರದಿಂದ ಯಾವ ಸಹಾಯ ಪಡೆದರೂ ‘ಇವರು ದೇಶಕ್ಕೆ ಹೊರೆ’ ಎಂದು ಬರೆದುಕೊಳ್ಳುತ್ತಾರೆ, ಗ್ರೀನ್ ಕಾರ್ಡ್ ಕೊಡುವುದಿಲ್ಲ ಎಂದು. ನಿಯಮ ಏನು ಹೇಳುತ್ತದೆಂದು ಓದಿದವರು ಕಡಿಮೆ, ಒಬ್ಬರಿಂದೊಬ್ಬರಿಗೆ ಕಳಿಸಿದವರು ಹೆಚ್ಚು. ಭಾವ ಕಳಿಸುವವರಲ್ಲ, ನಂಬುವವರು. ಕೋವಿಡ್ ವರ್ಷ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬಿಟ್ಟಿ ಊಟ ಕೊಡುತ್ತಿದ್ದಾಗ ಮಗಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿಸಿದರು. ಎಲ್ಲರ ಮನೆಗೂ ಸರ್ಕಾರದ ಚೆಕ್ ಬಂದಾಗ ಅದನ್ನು ಬ್ಯಾಂಕಿಗೆ ಹಾಕದೆ ದೇವರ ಗೂಡಿನಲ್ಲಿ ಇಟ್ಟರು. ಯಾರಾದರೂ ಕೇಳಿದರೆ ವಾಪಸ್ ಕೊಡಲಿಕ್ಕೆ. ಅಂಥವರಿಗೆ ಓದಿನ ರಿಯಾಯಿತಿಯೂ ಸರ್ಕಾರದ ದಾನದಂತೆಯೇ ಕಂಡಿತ್ತು. ವಿದ್ಯಾರ್ಥಿಯಾಗಿದ್ದಿರಾ ಎಂಬ ಪ್ರಶ್ನೆಗೆ ಅವರು ‘ಇಲ್ಲ’ ಒತ್ತಿದ್ದರು. ಒಳಗಿನ ಕೋಣೆಯಲ್ಲಿ ಅಕ್ಕ ಮರುದಿನದ ಪರೀಕ್ಷೆಗೆ ಓದುತ್ತಿದ್ದಳಂತೆ.

ತಪ್ಪಿದ್ದನ್ನು ಸರಿಪಡಿಸಲು ದಾರಿ ಇದೆ ಎಂದು ನಾನು ಹೇಳಿದೆ. ಹಳೆಯ ರಿಟರ್ನನ್ನು ತಿದ್ದಿ ಕಳಿಸಬಹುದು, ಮೂರು ವರ್ಷದೊಳಗೆ. ಅವಳು ಹೆಚ್ಚಿನ ಫೀಸನ್ನೆಲ್ಲ ಕಟ್ಟಿದ್ದ ಮೊದಲ ವರ್ಷಕ್ಕೆ ಆ ಗಡುವು ಏಪ್ರಿಲ್ ಮಧ್ಯದಲ್ಲಿ ಮುಗಿಯುತ್ತಿತ್ತು. ಅಷ್ಟು ಹಳೆಯದನ್ನು ಕಂಪ್ಯೂಟರಿನಲ್ಲಿ ಕಳಿಸಲಾಗದು; ಕಾಗದದಲ್ಲಿ ತುಂಬಿ, ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಅಂಚೆಯಲ್ಲಿ ಹಾಕಬೇಕು. ಕೊನೆಯ ದಿನದೊಳಗೆ ಅಂಚೆಯ ಮುದ್ರೆ ಬಿದ್ದರೆ ಸಾಕು.

“ಅದು ಬಂದ್ರೆ ಆಗಸ್ಟ್‌ನಲ್ಲಿ ಮತ್ತೆ ಸೇರ್ತೀನಿ,” ಎಂದಳು ಅಕ್ಕ. ಅಷ್ಟು ಬೇಗ ಹೇಳಿದ್ದನ್ನು ಕೇಳಿದರೆ ಮೂರು ವರ್ಷದಿಂದ ಅವಳು ಅದನ್ನೇ ಯೋಚಿಸುತ್ತಿದ್ದಳು ಎಂದು ತಿಳಿಯುತ್ತಿತ್ತು. ಆಗಸ್ಟೇ ಯಾಕೆಂದರೆ, ಹಳೆಯ ವಿಜ್ಞಾನದ ಪಾಠಗಳನ್ನು ಕಾಲೇಜು ಕೆಲವು ವರ್ಷ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಆ ಆಗಸ್ಟ್ ತಪ್ಪಿದರೆ ಅನಾಟಮಿಯನ್ನು ಮೊದಲಿನಿಂದ ಓದಬೇಕು. ಹೆಪ್ಪಿನ ಬಟ್ಟಲನ್ನು ಅವಳು ನಮ್ಮ ಮನೆಯಲ್ಲೇ ಮರೆತು ಹೋದಳು.

ಭಾವನನ್ನು ಒಪ್ಪಿಸುವುದಕ್ಕೆ ನಾನೂ ಒಂದು ಸಂಜೆ ಹೋಗಿ ಕೂತೆ. ಅವರು ಕಾಫಿ ಕೊಟ್ಟು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

“ಅದು ದಾನ ಅಲ್ಲ ಭಾವ. ನೀವು ಕಟ್ಟಿದ ಟ್ಯಾಕ್ಸೇ ವಾಪಸ್ ಬರೋದು.”

“ಇರಬಹುದಮ್ಮಾ. ಆದ್ರೆ ಮೂರು ವರ್ಷ ಸುಮ್ನಿದ್ದು ಈಗ ‘ತಪ್ಪಾಗಿದೆ, ತಿದ್ಕೊಳ್ಳಿ’ ಅಂತ ಬರೆದ್ರೆ ಅವರು ಫೈಲ್ ತೆಗೀತಾರೆ. ಫೈಲ್ ತೆಗೆದ ಮೇಲೆ ಏನೇನು ನೋಡ್ತಾರೆ ಗೊತ್ತಾ?”

“ಏನು ನೋಡ್ತಾರೆ?”

“ಅದೇ ಗೊತ್ತಿಲ್ಲ!”

ಒಳಗಿನಿಂದ ಅಕ್ಕ ಕೂಗಿದಳು: “ಇವರ ಫೈಲಲ್ಲಿ ಏನಿದೆ ಅಂತ ನೋಡೋಕೆ ನನಗೇ ಆಸೆ ಕಣೇ. ಮದುವೆ ಆದಾಗಿಂದ ಒಂದು ಪಾರ್ಕಿಂಗ್ ಫೈನೂ ಇಲ್ಲ.”

ಭಾವ ನಕ್ಕರು. ಆದರೆ ಒಪ್ಪಲಿಲ್ಲ. ಅವರನ್ನು ಪುಕ್ಕಲರೆಂದು ಆಗ ಮನಸ್ಸಿನಲ್ಲೇ ಅಂದುಕೊಂಡೆ. ಕೆಲಸ ಹೋದ ಗೆಳೆಯನೊಬ್ಬ ಮನೆಯ ಸಾಮಾನನ್ನೆಲ್ಲ ಗ್ಯಾರೇಜಿನ ಮುಂದೆ ಹರಡಿ ಮಾರಿ ದೇಶ ಬಿಟ್ಟು ಹೊರಟದ್ದನ್ನು ಅವರು ನೋಡಿದ್ದರು. ಆ ಮನೆಯ ಸೋಫಾವನ್ನೇ ಇವರು ಕೊಂಡು ತಂದಿದ್ದರು. ಆ ಸಂಜೆ ನಾನು ಕೂತಿದ್ದು ಅದೇ ಸೋಫಾದ ಮೇಲೆ.

ಅಕ್ಕ ಕಾಯಲಿಲ್ಲ. ನಾನು ಅವಳ ಪಕ್ಕ ಕೂತು ಕಾಗದಗಳನ್ನು ತುಂಬಲು ನೆರವಾದೆ. ತಿದ್ದುಪಡಿ ಯಾಕೆ ಎಂದು ಬರೆಯಲು ಅದರಲ್ಲಿ ಒಂದು ಜಾಗವಿರುತ್ತದೆ. ಅಲ್ಲಿ ಏನು ಬರೆಯುವುದೆಂದು ಅಕ್ಕ ಪೆನ್ನಿನ ತುದಿ ಕಚ್ಚುತ್ತಾ ಯೋಚಿಸಿದಳು. ನಾನು ಹೇಳಿಕೊಟ್ಟ ಸಾಲು ಉದ್ದವಾಗಿತ್ತು. ಅವಳು ಚಿಕ್ಕದಾಗಿ ಬರೆದಳು: ನಾನು ಆ ವರ್ಷ ಓದುತ್ತಿದ್ದೆ, ಅದನ್ನು ಹೇಳಿರಲಿಲ್ಲ. ಸಹಿ ಹಾಕಿ, ಭಾವನ ಸಹಿಯ ಜಾಗಕ್ಕೆ ಒಂದು ಹಳದಿ ಚೀಟಿ ಅಂಟಿಸಿ, ಊಟದ ಮೇಜಿನ ಮೇಲಿಟ್ಟಳು. ಗಡುವಿನವರೆಗೆ ಅವರ ಮನೆಯವರೆಲ್ಲ ಆ ಕಾಗದಗಳ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಊಟ ಮಾಡಿದರು.

ಕೊನೆಯ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. “ಬಾರೇ, ಒಪ್ಪಿದ್ರು!” ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ; ಎದ್ದು ಓಡಿದೆ. ಭಾವ ಯಾರಿಗೂ ಹೇಳದೆ ವೀಸಾ ವಕೀಲರಿಗೆ ಈಮೇಲ್ ಬರೆದಿದ್ದರಂತೆ. ಆಗತಾನೇ ಉತ್ತರ ಬಂದಿತ್ತು, ಒಂದೇ ಸಾಲು: ಇದರಿಂದ ನಿಮ್ಮ ಅರ್ಜಿಗೆ ಯಾವ ತೊಂದರೆಯೂ ಇಲ್ಲ. ಅವರು ಅದನ್ನು ಮತ್ತೆ ಮತ್ತೆ ಓದುತ್ತಿದ್ದರು. ಆಮೇಲೆ ಪೆನ್ನು ತೆಗೆದುಕೊಂಡವರು ಗಡಿಯಾರ ನೋಡಿದರು.

“ಮೂರು ಗಂಟೆ. ರಾಹುಕಾಲ ಶುರುವಾಯ್ತು. ನಾಲ್ಕೂವರೆ ಆಗಲಿ.”

“ರೀ, ಇಷ್ಟು ವರ್ಷ ಇಲ್ಲದ ರಾಹು ಇವತ್ತು ಎಲ್ಲಿಂದ ಬಂದ? ಪೋಸ್ಟಾಫೀಸು ಐದಕ್ಕೆ ಮುಚ್ಚತ್ತೆ!”

“ಹತ್ತು ನಿಮಿಷದ ದಾರಿ ಕಣೇ.”

“ಬೆಂಗಳೂರಿನ ಪ್ರಕಾರ ಈಗ ಮಧ್ಯರಾತ್ರಿ ಭಾವ,” ಎಂದೆ ನಾನು. “ರಾಹು ಮಲಗಿರ್ತಾನೆ.”

“ನಗಬೇಡಮ್ಮ. ಇಷ್ಟು ದಿನ ಕಾದಿದ್ದೀವಿ. ಒಳ್ಳೆ ಹೊತ್ತಲ್ಲೇ ಕಳ್ಸೋಣ.”

ರಾಹುಕಾಲದಲ್ಲೇ ಅವರು ಕಾರು ಕೊಂಡಿದ್ದನ್ನು ನಾನು ಬಲ್ಲೆ. ಅವರಿಗೆ ಬೇಕಾಗಿದ್ದುದು ಇನ್ನೊಂದಿಷ್ಟು ಹೊತ್ತು, ಅಷ್ಟೇ. ಅಕ್ಕನಿಗೂ ಅದು ಗೊತ್ತಿತ್ತು. ಕಾಫಿಗೆ ನೀರಿಟ್ಟಳು. ಮೂವರೂ ಕಾಫಿ ಕುಡಿದೆವು. ಅಕ್ಕ ಖುಷಿಯಲ್ಲಿದ್ದಳು. ಆಗಸ್ಟ್‌ನ ತರಗತಿಗಳ ವೇಳಾಪಟ್ಟಿಯನ್ನು ಫೋನಿನಲ್ಲಿ ನನಗೆ ತೋರಿಸಿದಳು. ಈಗ ಯೋಚಿಸಿದರೆ, ಆ ಒಂದೂವರೆ ಗಂಟೆ ನಾವು ತುಂಬ ಸಂತೋಷವಾಗಿದ್ದೆವು. ಅದನ್ನು ನೆನೆಯುವುದೇ ಹೆಚ್ಚು ಕಷ್ಟ.

ನಾಲ್ಕೂವರೆಗೆ ಭಾವ ಸಹಿ ಹಾಕಿದರು. ನಾನೇ ಕಾರು ಓಡಿಸಿದೆ. ತೆರಿಗೆಯ ಕೊನೆಯ ದಿನವಾದ್ದರಿಂದ ಅಂಚೆ ಕಚೇರಿಯ ಪಾರ್ಕಿಂಗ್ ತುಂಬಿ, ಕಾರುಗಳು ರಸ್ತೆಯವರೆಗೆ ನಿಂತಿದ್ದವು. ಎದುರಿನ ಅಂಗಡಿಗಳ ಅಂಗಳದಲ್ಲಿ ಕಾರು ನಿಲ್ಲಿಸಿ ರಸ್ತೆ ದಾಟೋಣ ಎಂದೆ. ಅತ್ತ ಮೂರು ಸಾಲು, ಇತ್ತ ಮೂರು ಸಾಲು ವಾಹನ ಓಡುವ ರಸ್ತೆ ಅದು. ನಡೆಯುವವರು ಯಾರೂ ಇರುವುದಿಲ್ಲ. ಕಂಬದ ಗುಂಡಿ ಒತ್ತಿ ಸಿಗ್ನಲ್ಲಿಗೆ ಕಾಯುತ್ತಾ ನಿಂತೆವು. ಬಿಸಿಲಿತ್ತು, ಗಾಳಿಯೂ ಇತ್ತು. ಅಂಚೆ ಕಚೇರಿಯ ಗಾಜಿನ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು.

“ಇರು, ಸಹಿ ಸರಿಯಾದ ಕಡೆ ಹಾಕಿದೀನಾ ಅಂತ ಒಂದ್ಸಲ ನೋಡ್ಬಿಡ್ತೀನಿ,” ಎಂದರು ಭಾವ.

ಲಕೋಟೆಯನ್ನು ಇನ್ನೂ ಅಂಟಿಸಿರಲಿಲ್ಲ. ಅವರು ಹಾಳೆಗಳನ್ನು ಹೊರಗೆ ಎಳೆದರು. ಒಂದು ಟ್ರಕ್ಕು ನಮ್ಮ ಮುಂದೆಯೇ ರಭಸವಾಗಿ ಹೋಯಿತು. ಅದರ ಹಿಂದಿನ ಗಾಳಿಗೆ ಹಾಳೆಗಳು ಅವರ ಕೈಯಿಂದ ಎದ್ದವು. ಕೆಲವು ನಮ್ಮ ಕಾಲ ಬಳಿ ಬಿದ್ದವು, ಕೆಲವು ರಸ್ತೆಯ ಮೇಲೆ ಹರಡಿದವು. ಹಳದಿ ಚೀಟಿ ಅಂಟಿದ್ದ ಹಾಳೆ ಎರಡನೆಯ ಸಾಲಿನಲ್ಲಿ ಮಗುಚಿ ಬಿತ್ತು.

ಭಾವ ರಸ್ತೆಗೆ ಇಳಿದರು.

“ರೀ! ಬಿಡ್ರೀ! ಹೋಗ್ಲಿ ಬಿಡ್ರೀ ಅದು!”

ಇದು ಅಕ್ಕ ಕೂಗಿದ್ದು. ಮೂರು ವರ್ಷದಿಂದ ಅದನ್ನೇ ಬಯಸಿದವಳು ಬಿಡಿ ಎಂದು ಕೂಗುತ್ತಿದ್ದಳು. ಮೂರು ವರ್ಷದಿಂದ ಬೇಡ ಎಂದವರು ಅದರ ಹಿಂದೆ ಓಡುತ್ತಿದ್ದರು. ಮೊದಲ ಸಾಲಿನ ಕಾರು ಹಾರ್ನ್ ಒತ್ತುತ್ತಾ ಪಕ್ಕಕ್ಕೆ ಸರಿಯಿತು. ಅವರು ಬಗ್ಗಿ ಹಾಳೆಯ ಮೇಲೆ ಕೈ ಇಟ್ಟರು. ಬಿಳಿಯ ವ್ಯಾನೊಂದು ಬ್ರೇಕ್ ಹಾಕಿದ್ದು ಕೇಳಿಸಿತು. ಟೈರಿನ ಆ ಕಿರುಚಾಟ ಎಷ್ಟು ಉದ್ದವಾಗಿತ್ತೆಂದರೆ, ನಿಲ್ಲುತ್ತದೆ, ನಿಂತೇ ನಿಲ್ಲುತ್ತದೆ ಎಂದು ನಾನು ಅಂದುಕೊಳ್ಳುವಷ್ಟು ಹೊತ್ತಿತ್ತು. ಆಮೇಲೆ ಚಿಕ್ಕದೊಂದು ಸದ್ದು. ಬಾಗಿಲು ಮುಚ್ಚಿದಂಥ ಸದ್ದು, ಅಷ್ಟೇ. ಈಗಲೂ ಯಾರಾದರೂ ಕಾರಿನ ಬಾಗಿಲು ಹಾಕಿದರೆ ನಾನು ರಸ್ತೆಯ ಕಡೆ ತಿರುಗಿ ನೋಡುತ್ತೇನೆ.

ಭಾವ ಬದುಕಿದ್ದರು. ರಸ್ತೆಯ ಮೇಲೆ ಕೂತು ತಮ್ಮ ಕಾಲನ್ನೇ ಬೆರಗಿನಿಂದ ನೋಡುತ್ತಿದ್ದರು. ವ್ಯಾನ್ ಓಡಿಸುತ್ತಿದ್ದ ಹೆಂಗಸು ಇಳಿದು ಬಂದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಾ ನಿಂತಳು. ಅವಳ ತಪ್ಪೇನೂ ಇರಲಿಲ್ಲ. ಅಕ್ಕ ಆಗಲೇ ಭಾವನ ಪಕ್ಕ ಮಂಡಿಯೂರಿದ್ದಳು. ಕಾಲನ್ನು ಅಲ್ಲಾಡಿಸಬೇಡಿ ಎನ್ನುತ್ತಾ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕುತ್ತಿದ್ದಳು. “ಬೆರಳು ಆಡಿಸಿ. ಇದು ಗೊತ್ತಾಗತ್ತಾ? ಇಲ್ಲಿ ಮುಟ್ಟಿದ್ರೆ?” ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಹಾಳೆಗಳನ್ನು ಹೆಕ್ಕಿದೆ.

ಎಲ್ಲವೂ ಸಿಕ್ಕಿದವು. ಸಹಿಯ ಹಾಳೆ ಭಾವನ ಮುಷ್ಟಿಯಲ್ಲೇ ಇತ್ತು. ಆಂಬುಲೆನ್ಸಿನವರು ಅವರನ್ನು ಮಲಗಿಸುವಾಗ ಅದನ್ನು ನನ್ನ ಕಡೆಗೆ ಚಾಚಿದರು. “ಇನ್ನೂ ಐದಾಗಿಲ್ಲ, ಓಡಮ್ಮಾ,” ಎಂದರು. ರಸ್ತೆಯಾಚೆ ಗಾಜಿನ ಬಾಗಿಲು ಇನ್ನೂ ತೆರೆದುಕೊಂಡು ಮುಚ್ಚಿಕೊಳ್ಳುತ್ತಿತ್ತು, ಜನ ಹೋಗಿಬರುತ್ತಿದ್ದರು. ನಾನು ಅಕ್ಕನ ಮುಖ ನೋಡಿದೆ.

“ಬೇಡ,” ಎಂದಳು. “ನೀನು ಇನ್ನೊಂದು ಸಲ ಆ ರೋಡ್ ದಾಟಬೇಡ. ನನ್ನ ಕಣ್ಣೆದುರಿಗೆ ದಾಟಬೇಡ.”

ನಾನು ದಾಟಲಿಲ್ಲ. ಹಾಳೆಗಳನ್ನು ಕಾರಿನ ಹಿಂದಿನ ಸೀಟಿಗೆ ಹಾಕಿ ಆಂಬುಲೆನ್ಸಿನ ಹಿಂದೆ ಹೋದೆ. ಆ ದಿನ ಬೇರೆ ಕೆಲವು ಅಂಚೆ ಕಚೇರಿಗಳು ತಡವಾಗಿ ಮುಚ್ಚುತ್ತಿದ್ದವೆಂದು ಆಮೇಲೆ ಯಾರೋ ಹೇಳಿದರು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ವಿಚಾರಿಸಿ ನಿಜವೆಂದು ತಿಳಿದರೆ ಏನು ಮಾಡಲಿ?

ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಭಾವ ಮನೆಗೆ ಬಂದರು. ಓದಿನ ಎರಡನೆಯ ವರ್ಷದ ರಿಟರ್ನಿಗೆ ಇನ್ನೂ ಗಡುವಿತ್ತು, ಅದನ್ನು ಕಂಪ್ಯೂಟರಿನಲ್ಲೇ ಕಳಿಸಬಹುದಿತ್ತು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ತರಿಸಿಕೊಂಡು, ಯಾರೂ ಹೇಳುವ ಮೊದಲೇ ಭಾವ ತಾವೇ ಕೂತು ತಿದ್ದಿದರು. ವಿದ್ಯಾರ್ಥಿಯಾಗಿದ್ದಿರಾ ಎಂಬ ಪ್ರಶ್ನೆ ಬಂದಾಗ ಅಕ್ಕನನ್ನು ಕೂಗಿ ಕರೆದು ತೋರಿಸಿ ‘ಹೌದು’ ಒತ್ತಿದರು. ಆ ವರ್ಷ ಅವಳು ಕಟ್ಟಿದ್ದೇ ಕಡಿಮೆ. ಬಂದದ್ದು ಆಂಬುಲೆನ್ಸಿನ ಬಿಲ್ಲಿಗೆ ಹೋಯಿತು.

ಆಗಸ್ಟ್‌ನಲ್ಲಿ ಅಕ್ಕ ಕಾಲೇಜಿಗೆ ಸೇರಲಿಲ್ಲ. ಹಣವೂ ಇರಲಿಲ್ಲ, ಅವಳಿಗೆ ಬಿಡುವೂ ಇರಲಿಲ್ಲ. ಹೆಸರು ನೋಂದಾಯಿಸುವ ಕೊನೆಯ ವಾರ ಭಾವನನ್ನು ಮೂಳೆ ಡಾಕ್ಟರಿಗೆ ತೋರಿಸುವುದಿತ್ತು. ನಾನೇ ಇಬ್ಬರನ್ನೂ ಕರೆದುಕೊಂಡು ಹೋದೆ. ದಾರಿಯಲ್ಲಿ ಆ ರಸ್ತೆಯನ್ನು ಬಿಟ್ಟು ಸುತ್ತಿಕೊಂಡು ಹೋದೆ.

ಡಾಕ್ಟರು ಎಕ್ಸ್‌ರೇ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಮೂಳೆ ಚೆನ್ನಾಗಿ ಕೂಡಿದೆ ಎಂದರು. ಅಕ್ಕ ಎದ್ದು ಹತ್ತಿರ ಹೋದಳು. ಮುರಿದಿದ್ದ ಆ ಮೂಳೆಯ, ಅಂದರೆ ಟಿಬಿಯಾದ, ಮೇಲ್ಭಾಗಕ್ಕೆ ಬೆರಳು ತೋರಿಸಿ, ಕೀಲಿನ ಮೇಲ್ಮೈ ಪೂರ್ತಿ ಸಮವಾಗಿದೆಯೇ, ಹೊರಭಾಗದಲ್ಲಿ ಸ್ವಲ್ಪ ಕುಸಿದಂತಿದೆಯಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡಾಕ್ಟರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಒಂದು ಕೂದಲೆಳೆಯಷ್ಟು ಇದೆ, ನಡೆಯಲು ತೊಂದರೆಯಾಗದು ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ನೀವು ನರ್ಸಾ ಎಂದು ಕೇಳಿದರು.

ಅಕ್ಕ ತಲೆಯಾಡಿಸುವಷ್ಟರಲ್ಲಿ ಭಾವ ಕೋಲು ಊರಿಕೊಂಡು ಮುಂದಕ್ಕೆ ಬಾಗಿದರು.

“ಸ್ಟೂಡೆಂಟ್,” ಎಂದರು ಜೋರಾಗಿ. “ಶಿ ಈಸ್ ಎ ಸ್ಟೂಡೆಂಟ್.”

ಡಾಕ್ಟರು ಮೆಚ್ಚಿ ತಲೆದೂಗಿ, ಕಂಪ್ಯೂಟರಿನ ಕಡೆ ತಿರುಗಿ ಏನೋ ಬರೆಯತೊಡಗಿದರು. ಅಕ್ಕ ಇನ್ನೂ ಆ ಚಿತ್ರದ ಮುಂದೆಯೇ ನಿಂತಿದ್ದಳು. ಬೆರಳು ಮೂಳೆಯ ಅಂಚಿನ ಮೇಲೇ ಇತ್ತು.

“ಸ್ಟೂಡೆಂಟ್ ಆಗಿದ್ದೆ,” ಎಂದಳು, ಹಿಂದಕ್ಕೆ ತಿರುಗದೆ, ಕನ್ನಡದಲ್ಲಿ. “ಆಗಿದ್ದಳು ಅಂತ ಹೇಳ್ರೀ.”